ಮಡಿಕೇರಿಯಿಂದ ದೆಹಲಿಗೆ ಎರಡೂವರೆ ಗಂಟೆಯೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನಿಂದ ಬಂದವು, ಅದರಲ್ಲೂ ವಿಮಾನ ಪ್ರಯಾಣದ ದೂರ ಮತ್ತು ಸಮಯದ ಬಗ್ಗೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಮಡಿಕೇರಿಯಿಂದ ದೆಹಲಿಗೆ ವಿಮಾನದಲ್ಲಿ 1,800 ಕಿ.ಮೀ., ಎರಡೂವರೆ ಗಂಟೆ ಪ್ರಯಾಣ ಎಂದು ಮೊಬೈಲಿನಲ್ಲಿ ತೋರಿಸುತ್ತದೆ. ಮಗಳು ಅದನ್ನೇ ನಂಬಿ ಬೆಳಿಗ್ಗೆ ಹೊರಟು ಮಧ್ಯಾಹ್ನದ ಮದುವೆ ಊಟಕ್ಕೆ ದೆಹಲಿ ತಲುಪಬಹುದು ಅನ್ನುತ್ತಾಳೆ. ಸಾಧ್ಯವೇ?
— ಓದುಗರು, ಮಡಿಕೇರಿ

ಸಾಧ್ಯವಿಲ್ಲ. 1,800 ಕಿ.ಮೀ. ಎಂಬ ಅಂಕಿ ಮಾತ್ರ ಸರಿ. ದೂರ ತೋರಿಸುವ ಇಂಥ ಜಾಲತಾಣಗಳು ಎರಡು ಊರುಗಳ ಅಕ್ಷಾಂಶ, ರೇಖಾಂಶ ತೆಗೆದುಕೊಂಡು ನೇರ ದೂರ ಲೆಕ್ಕ ಹಾಕಿ, ವಿಮಾನದ ಸರಾಸರಿ ವೇಗದಿಂದ ಭಾಗಿಸಿ ಉತ್ತರ ಕೊಡುತ್ತವೆ. ಆ ಊರಿನಲ್ಲಿ ವಿಮಾನ ನಿಲ್ದಾಣ ಇದೆಯೋ ಇಲ್ಲವೋ ಎಂದು ನೋಡುವುದೇ ಇಲ್ಲ. ಕೊಡಗಿನಲ್ಲಿ ವಿಮಾನ ನಿಲ್ದಾಣವೂ ಇಲ್ಲ, ರೈಲೂ ಇಲ್ಲ.

ಈ ಲೆಕ್ಕವನ್ನು ನೀವೇ ಕಾಗದದ ಮೇಲೆ ಮಾಡಿ ನೋಡಬಹುದು. ಮಡಿಕೇರಿ ಇರುವುದು 12.42 ಡಿಗ್ರಿ ಉತ್ತರ, 75.74 ಡಿಗ್ರಿ ಪೂರ್ವದಲ್ಲಿ. ಬೆಂಗಳೂರು 12.97 ಮತ್ತು 77.59. ಅಕ್ಷಾಂಶದ ವ್ಯತ್ಯಾಸ 0.55, ಅದನ್ನು 110.6ರಿಂದ ಗುಣಿಸಿದರೆ 61 ಕಿ.ಮೀ. ರೇಖಾಂಶದ ವ್ಯತ್ಯಾಸ 1.85. ರೇಖಾಂಶಗಳು ಧ್ರುವದತ್ತ ಹೋದಂತೆ ಒತ್ತೊತ್ತಾಗುವುದರಿಂದ ನಮ್ಮ ಭಾಗದಲ್ಲಿ ಒಂದು ಡಿಗ್ರಿಗೆ 108.6 ಕಿ.ಮೀ. ಹಿಡಿಯಬೇಕು; 201 ಕಿ.ಮೀ. ಬರುತ್ತದೆ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 210 ಕಿ.ಮೀ. ರಸ್ತೆಯಲ್ಲಾದರೆ 260 ಕಿ.ಮೀ. ದಾಟುತ್ತದೆ. ಐದಾರು ನೂರು ಕಿ.ಮೀ. ಒಳಗಿನ ಊರುಗಳಿಗೆ ಈ ಕ್ರಮ ಸಾಕು. ಅದಕ್ಕಿಂತ ದೂರವಾದರೆ ಭೂಮಿಯ ಉರುಟನ್ನು ಲೆಕ್ಕಕ್ಕೆ ಸೇರಿಸುವ ಸೂತ್ರ ಬೇಕಾಗುತ್ತದೆ.

ಇನ್ನು ನಿಮ್ಮ ಪ್ರಯಾಣದ ನಿಜವಾದ ಲೆಕ್ಕ. ಬೆಳಿಗ್ಗೆ 5ಕ್ಕೆ ಮಡಿಕೇರಿ ಬಿಟ್ಟರೆ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಹತ್ತಿರ ಹತ್ತಿರ 300 ಕಿ.ಮೀ. ಮೈಸೂರಿಗೆ ಮೂರು ಗಂಟೆ, ಅಲ್ಲಿಂದ ಹೊಸ ಹೆದ್ದಾರಿಯಲ್ಲಿ ಬೆಂಗಳೂರಿನ ಅಂಚಿಗೆ ಎರಡು ಗಂಟೆಯೊಳಗೆ, ನಗರ ದಾಟಿ ನಿಲ್ದಾಣಕ್ಕೆ ಒಂದೂವರೆಯಿಂದ ಎರಡು ಗಂಟೆ. ನಡುವೆ ತಿಂಡಿಗೆ ಇಳಿದರೆ ತಲುಪುವಾಗ 12 ಗಂಟೆ. ವಿಮಾನ 2ಕ್ಕೆ ಎಂದುಕೊಳ್ಳಿ. ದೆಹಲಿಯಲ್ಲಿ ಇಳಿಯುವಾಗ 4.50, ಲಗೇಜ್ ಹಿಡಿದು ಹೊರಗೆ ಬರುವಾಗ 5.30. ಮನೆಬಾಗಿಲಿನಿಂದ ಹನ್ನೆರಡೂವರೆ ಗಂಟೆ. ಹಿಂದಿನ ದಿನವೇ ಹೊರಡಿ.

ವಿಮಾನ ಗಂಟೆಗೆ 850 ಕಿ.ಮೀ. ಹೋಗುತ್ತದೆ, ಬೆಂಗಳೂರು–ದೆಹಲಿ 1,700 ಕಿ.ಮೀ. ಅಂದರೆ ಎರಡು ಗಂಟೆ ಸಾಕು. ಟಿಕೆಟಿನಲ್ಲಿ 2 ಗಂಟೆ 50 ನಿಮಿಷ ಯಾಕೆ?
— ಓದುಗರು, ಗೋಣಿಕೊಪ್ಪಲು

ಟಿಕೆಟಿನಲ್ಲಿರುವುದು ಹಾರಾಟದ ಸಮಯವಷ್ಟೇ ಅಲ್ಲ. ವಿಮಾನದ ಚಕ್ರಕ್ಕೆ ಇಟ್ಟ ತಡೆ ತೆಗೆದು ಹಿಂದಕ್ಕೆ ತಳ್ಳಿದ ಕ್ಷಣದಿಂದ, ಇಳಿದ ಊರಿನಲ್ಲಿ ಅದು ನಿಂತು ಮತ್ತೆ ತಡೆ ಇಡುವವರೆಗಿನ ಪೂರ್ತಿ ಅವಧಿ ಅದು. ಬೆಂಗಳೂರು, ದೆಹಲಿಯಂಥ ದೊಡ್ಡ ನಿಲ್ದಾಣಗಳಲ್ಲಿ ರನ್‌ವೇ ತುದಿಗೆ ಹೋಗಿ ಸರದಿಗೆ ಕಾಯಲು ಹದಿನೈದು ನಿಮಿಷ, ಇಳಿದ ಮೇಲೆ ಗೇಟಿಗೆ ಹೋಗಲು ಹತ್ತು ನಿಮಿಷ ನೆಲದ ಮೇಲೆಯೇ ಕಳೆಯುತ್ತವೆ.

ಆಕಾಶದಲ್ಲೂ ಪೂರ್ತಿ ವೇಗ ಸಿಗುವುದು ನಡುದಾರಿಯಲ್ಲಿ ಮಾತ್ರ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮಿತಿ. 35,000 ಅಡಿ ಏರಲು ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಬೇಕು. ಇಳಿಯುವಾಗ ಅರ್ಧ ಗಂಟೆ ಮುಂಚೆಯೇ ಎಂಜಿನ್ ಶಕ್ತಿ ತಗ್ಗಿಸುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದರ ಮೇಲೆ ರನ್‌ವೇಯ ಯಾವ ತುದಿಯಿಂದ ಇಳಿಯಬೇಕೆಂದು ತೀರ್ಮಾನವಾಗುತ್ತದೆ; ಆಚೆ ತುದಿಯಾದರೆ ಊರು ಸುತ್ತಿ ಬರಬೇಕು. ವಿಮಾನಗಳು ನಿಗದಿಯಾದ ವಾಯುಮಾರ್ಗಗಳಲ್ಲೇ ಹೋಗುವುದರಿಂದ ನೇರ ದೂರಕ್ಕಿಂತ ಸ್ವಲ್ಪ ಹೆಚ್ಚೇ ಹಾರುತ್ತವೆ. ಇವೆಲ್ಲದರ ಮೇಲೆ, ತಡವಾಯಿತೆಂಬ ಮಾತು ಬರದಿರಲಿ ಎಂದು ಕಂಪನಿಗಳು ಐದು ಹತ್ತು ನಿಮಿಷ ಕೈಯಲ್ಲಿಟ್ಟುಕೊಂಡೇ ವೇಳಾಪಟ್ಟಿ ಬರೆಯುತ್ತವೆ.

ಜೆಟ್ ವಿಮಾನಕ್ಕೆ ಅಂದಾಜು ಸೂತ್ರ ಬೇಕಿದ್ದರೆ: ನೇರ ದೂರವನ್ನು 800ರಿಂದ ಭಾಗಿಸಿ, 40 ನಿಮಿಷ ಸೇರಿಸಿ. ದೆಹಲಿಗೆ 1,700 ಭಾಗಿಸು 800, ಅಂದರೆ 2 ಗಂಟೆ 8 ನಿಮಿಷ. 40 ಸೇರಿಸಿದರೆ 2.48. ಬೆಂಗಳೂರು–ಮಂಗಳೂರು ನೇರ ದೂರ 305 ಕಿ.ಮೀ. ಅಷ್ಟೇ, ಆದರೂ ಒಂದು ಗಂಟೆ ಹಾಕುವುದು ಇದೇ ಕಾರಣಕ್ಕೆ. ರೆಕ್ಕೆಯಲ್ಲಿ ಪ್ರೊಪೆಲ್ಲರ್ ಇರುವ ಎಟಿಆರ್ 72 ಆದರೆ 480ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿ. ಹತ್ತಿರದ ಊರಿಗೆ ಎಟಿಆರ್ ಸಿಕ್ಕಿತೆಂದು ಬೇಸರ ಬೇಡ; 300 ಕಿ.ಮೀ. ಒಳಗೆ ಜೆಟ್‌ಗೂ ಅದಕ್ಕೂ ಹತ್ತು ನಿಮಿಷದ ವ್ಯತ್ಯಾಸವೂ ಬರುವುದಿಲ್ಲ.

ತಮ್ಮ ದುಬೈಯಲ್ಲಿದ್ದಾನೆ. ಕಣ್ಣೂರಿನಿಂದ ಹೋಗುವ ಟಿಕೆಟಿನಲ್ಲಿ 10.00ಕ್ಕೆ ಹೊರಟು 12.25ಕ್ಕೆ ತಲುಪುತ್ತದೆ ಎಂದಿದೆ. ಬರುವ ಟಿಕೆಟಿನಲ್ಲಿ ರಾತ್ರಿ 2.30ಕ್ಕೆ ಹೊರಟು 7.30ಕ್ಕೆ ಬರುತ್ತದೆ ಎಂದಿದೆ. ಬರಲು ಯಾಕೆ ಇಷ್ಟು ಹೊತ್ತು? ಪುತ್ತರಿ ಸುಗ್ಗಿ ಹಬ್ಬದ ದಿನವೇ ಬಂದಿಳಿದರೆ ಕದಿರು (ಹೊಸ ಭತ್ತದ ತೆನೆ) ತೆಗೆಯುವ ಹೊತ್ತಿಗೆ ಐನ್‌ಮನೆ (ಕುಟುಂಬದ ಮೂಲಮನೆ) ಮುಟ್ಟುತ್ತಾನೆಯೇ?
— ಓದುಗರು, ಕಕ್ಕಬ್ಬೆ

ಟಿಕೆಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಹೋಗುವಾಗ ಆ ಒಂದೂವರೆ ಗಂಟೆಯನ್ನು ಕೂಡಿಸಿ: 2.25 ಅಲ್ಲ, 3.55. ಬರುವಾಗ ಕಳೆಯಿರಿ: 5.00 ಅಲ್ಲ, 3.30. ಹಾಗಾಗಿ ಬರಲು ಹಿಡಿಯುವುದೇ ಕಡಿಮೆ ಹೊತ್ತು. ಒಮಾನ್‌ಗೂ ಇದೇ ಒಂದೂವರೆ ಗಂಟೆ. ಸೌದಿ, ಕತಾರ್, ಕುವೈತ್, ಬಹ್ರೇನ್‌ಗಳಾದರೆ ಎರಡೂವರೆ ಗಂಟೆ.

ಉಳಿದ 25 ನಿಮಿಷದ ವ್ಯತ್ಯಾಸ ಗಾಳಿಯದ್ದು. ಚಳಿಗಾಲದಲ್ಲಿ ಉತ್ತರ ಭಾರತ ಮತ್ತು ಅರಬ್ ದೇಶಗಳ ಮೇಲೆ, ವಿಮಾನ ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಹರಿಯುತ್ತದೆ. ವೇಗ ಗಂಟೆಗೆ 150 ಕಿ.ಮೀ. ದಾಟುವುದು ಸಾಮಾನ್ಯ. ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಮಳೆಗಾಲದಲ್ಲಿ ಈ ಲೆಕ್ಕ ಬದಲಾಗುತ್ತದೆ: ಕೊಡಗಿಗೆ ಮಳೆ ತರುವ ಗಾಳಿ ಕೆಳಗೆ ನೈಋತ್ಯದಿಂದ ಬೀಸುತ್ತಿದ್ದರೂ ಬಹಳ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಆಗ ಹೋಗುವ–ಬರುವ ಸಮಯ ಸರಿಸುಮಾರು ಒಂದೇ ಆಗುತ್ತದೆ.

ನವೆಂಬರ್–ಡಿಸೆಂಬರಿನ ಪುತ್ತರಿಗೆ ನಿಮ್ಮ ತಮ್ಮ ಬರುವುದಾದರೆ ಕಣ್ಣೂರಿನಲ್ಲಿ 7.30ಕ್ಕೆ ಇಳಿದು, ಇಮಿಗ್ರೇಷನ್, ಲಗೇಜ್, ಕಸ್ಟಮ್ಸ್ ಮುಗಿಸಿ 8.30ಕ್ಕೆ ಹೊರಗೆ. ಆ ನಿಲ್ದಾಣವಿರುವ ಮಟ್ಟನ್ನೂರಿನಿಂದ ವಿರಾಜಪೇಟೆಗೆ ಎರಡು ಗಂಟೆ, ಅಲ್ಲಿಂದ ಕಕ್ಕಬ್ಬೆಗೆ ಒಂದು ಗಂಟೆ. ಮಧ್ಯಾಹ್ನದೊಳಗೆ ಮನೆ. ಕದಿರಿನ ಹೊತ್ತು ಇರುವುದು ರಾತ್ರಿಗೆ. ಆ ದಿನಾಂಕವನ್ನು ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯಿಸಿ ತಿಳಿಸಿದ ಮೇಲೆಯೇ ಟಿಕೆಟ್ ಮಾಡಿಸಲಿ. ಒಂದು ಎಚ್ಚರಿಕೆ: ರಾತ್ರಿ 2.30ರ ವಿಮಾನವೆಂದರೆ ಹಿಂದಿನ ದಿನ ರಾತ್ರಿ 11ಕ್ಕೇ ನಿಲ್ದಾಣದಲ್ಲಿರಬೇಕು. 5ನೇ ತಾರೀಖಿನ ಟಿಕೆಟ್ ಎಂದು 5ರ ರಾತ್ರಿ ನಿಲ್ದಾಣಕ್ಕೆ ಹೋದವರಿಗೆ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ. ಕೊಲ್ಲಿಯಿಂದ ಬರುವವರು ಹೆಚ್ಚು ಎಡವುವುದು ಇಲ್ಲೇ.

ನಮಗೆ ಯಾವ ವಿಮಾನ ನಿಲ್ದಾಣ ಹತ್ತಿರ? ಜುಲೈಯಲ್ಲಿ ಯಾವುದನ್ನು ನಂಬಬಹುದು?
— ನಾಪೋಕ್ಲು, ಸೋಮವಾರಪೇಟೆ, ಕುಟ್ಟ, ಸಿದ್ದಾಪುರದ ಓದುಗರು

ಕಿಲೋಮೀಟರ್ ನೋಡಿದರೆ ವಿರಾಜಪೇಟೆ, ಪೊನ್ನಂಪೇಟೆ, ಮಡಿಕೇರಿ ತಾಲ್ಲೂಕುಗಳಿಗೆ ಕಣ್ಣೂರೇ ಹತ್ತಿರ. 2018ರ ಡಿಸೆಂಬರ್ 9ರಂದು ಶುರುವಾದ ಈ ನಿಲ್ದಾಣ ಇರುವುದು ಮಟ್ಟನ್ನೂರಿನಲ್ಲಿ, ಕಣ್ಣೂರು ಪೇಟೆಗಿಂತ ಕೊಡಗಿನ ಕಡೆಗೆ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ ದಾರಿಯಲ್ಲಿ ಸುಮಾರು 60 ಕಿ.ಮೀ. ಮಡಿಕೇರಿಯಿಂದ 90. ಮಡಿಕೇರಿಯಿಂದ ನೇರ ದೂರ 60 ಕಿ.ಮೀ. ಮಾತ್ರ, ಉಳಿದ 30 ಘಾಟಿಯ ತಿರುವಿನದ್ದು. ಘಾಟಿಯಲ್ಲಿ ಗಂಟೆಗೆ 30 ಕಿ.ಮೀ.ಗಿಂತ ಹೆಚ್ಚು ಹಿಡಿಯಲೇಬೇಡಿ. ಮಾಕುಟ್ಟ ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಸಿಗದ ಜಾಗಗಳು ಬಹಳ. ಟೈರ್ ಪಂಕ್ಚರ್ ಆದರೆ ಯಾರನ್ನೂ ಕರೆಯಲಾಗದು. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ, ಜಾಕ್ ಇದೆಯೇ ಎಂದು ವಿರಾಜಪೇಟೆಯಲ್ಲೇ ನೋಡಿಕೊಳ್ಳಿ. ಬಾಡಿಗೆ ಕಾರಾದರೆ ಕೇರಳ ಪ್ರವೇಶದ ಪರ್ಮಿಟ್ ಹಿಂದಿನ ದಿನವೇ ಆಗಿರಲಿ. ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಹಿಡಿದರೆ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದು ವಿಮಾನ ತಪ್ಪಬಹುದು.

ಕಣ್ಣೂರಿನ ಕೊರತೆಯೆಂದರೆ ವಿಮಾನಗಳ ಸಂಖ್ಯೆ. ರನ್‌ವೇ 3,050 ಮೀಟರ್ ಉದ್ದವಿದ್ದರೂ ವಿದೇಶಿ ಕಂಪನಿಗಳಿಗೆ ಅಲ್ಲಿ ನಿತ್ಯದ ಹಾರಾಟಕ್ಕೆ ಅವಕಾಶ ಕೊಡದ ಕಾರಣ ಭಾರತೀಯ ಕಂಪನಿಗಳನ್ನೇ ನೆಚ್ಚಬೇಕು. ಒಂದು ವಿಮಾನ ರದ್ದಾದರೆ ಮುಂದಿನದು ನಾಳೆಯೋ ನಾಡಿದ್ದೋ.

ಮಂಗಳೂರಿಗೆ ಮಡಿಕೇರಿಯಿಂದ ಸಂಪಾಜೆ, ಸುಳ್ಯ, ಪುತ್ತೂರು ದಾರಿಯಲ್ಲಿ ಸುಮಾರು 140 ಕಿ.ಮೀ. ನಿಲ್ದಾಣ ಬಜ್ಪೆಯಲ್ಲಿರುವುದರಿಂದ ಬಿ.ಸಿ.ರೋಡಿನಿಂದ ಪೊಳಲಿ–ಕೈಕಂಬ ಕಡೆಗೆ ತಿರುಗಿದರೆ ನಗರದ ಗದ್ದಲ ತಪ್ಪುತ್ತದೆ. ನಾಲ್ಕು ಗಂಟೆ ಇಟ್ಟುಕೊಳ್ಳಿ. ಅಲ್ಲಿನ ರನ್‌ವೇ ಗುಡ್ಡದ ತಲೆಯ ಮೇಲಿದೆ, ಉದ್ದ 2,450 ಮೀಟರ್. ಜೂನ್–ಆಗಸ್ಟಿನಲ್ಲಿ ಮೋಡ ಗುಡ್ಡಕ್ಕೇ ತಾಗುವ ದಿನಗಳಲ್ಲಿ ಪೈಲಟ್‌ಗೆ ರನ್‌ವೇ ಕಾಣದಿದ್ದರೆ ವಿಮಾನವನ್ನು ಬೆಂಗಳೂರಿಗೋ ಕೇರಳದ ನಿಲ್ದಾಣಕ್ಕೋ ತಿರುಗಿಸುತ್ತಾರೆ. 2010ರ ಮೇ 22ರ ದುರಂತದಲ್ಲಿ 158 ಜನ ತೀರಿಕೊಂಡದ್ದು ಇದೇ ರನ್‌ವೇಯ ತುದಿಯಲ್ಲಿ. ಇಳಿಯದೆ ಹಿಂದಕ್ಕೆ ಹೋಗುವ ಪೈಲಟ್ ಸರಿಯಾದ ಕೆಲಸವನ್ನೇ ಮಾಡುತ್ತಿದ್ದಾರೆ, ದಯವಿಟ್ಟು ಸಿಬ್ಬಂದಿ ಮೇಲೆ ಕೂಗಾಡಬೇಡಿ.

ಮಳೆಗಾಲದಲ್ಲಿ ವಿಮಾನಕ್ಕಿಂತ ಮೊದಲು ಕೈಕೊಡುವುದು ರಸ್ತೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಸಂಪಾಜೆ ದಾರಿ ವಾರಗಟ್ಟಲೆ ಬಂದಾಗಿತ್ತು. ಆಮೇಲಿನ ವರ್ಷಗಳಲ್ಲೂ ಜೋರು ಮಳೆ ಬಂದಾಗ ರಾತ್ರಿ ಸಂಚಾರ ನಿಲ್ಲಿಸಿದ್ದುಂಟು. ಮಾಕುಟ್ಟದಲ್ಲೂ ಭಾರಿ ವಾಹನಗಳಿಗೆ ಜಿಲ್ಲಾಡಳಿತ ನಿರ್ಬಂಧ ಹಾಕುತ್ತದೆ. ಹೀಗಾಗಿ ಜೂನ್ 15ರಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ನಮ್ಮ ಸಲಹೆ ಒಂದೇ: ಘಾಟಿ ಇಳಿಯದೆ ತಲುಪಬಹುದಾದ ಬೆಂಗಳೂರನ್ನೇ ಹಿಡಿಯಿರಿ. ಇನ್ನೂರು ಕಿ.ಮೀ. ಹೆಚ್ಚಾದರೂ ದಾರಿ ಮುಚ್ಚುವ ಭಯವಿಲ್ಲ. ಕಣ್ಣೂರಿನ ಟಿಕೆಟ್ ಆಗಲೇ ಆಗಿದ್ದರೆ ಹಗಲಿನಲ್ಲೇ ಘಾಟಿ ಇಳಿದು, ಇರಿಟ್ಟಿಯಲ್ಲೋ ಮಟ್ಟನ್ನೂರಿನಲ್ಲೋ ರಾತ್ರಿ ತಂಗಿ.

ಸೋಮವಾರಪೇಟೆ, ಶನಿವಾರಸಂತೆಯವರಿಗೆ ಮೈಸೂರಿನ ಸುತ್ತು ಬೇಕಿಲ್ಲ. ಹಾಸನ–ಬೆಂಗಳೂರು ಹೆದ್ದಾರಿ ಸೇರಿ, ನೆಲಮಂಗಲದಿಂದ ದೊಡ್ಡಬಳ್ಳಾಪುರದ ಕಡೆ ತಿರುಗಿ ದೇವನಹಳ್ಳಿ ಸೇರಿದರೆ ಬೆಂಗಳೂರಿನ ಒಳಗೆ ಕಾಲಿಡುವ ಪ್ರಮೇಯವೇ ಇಲ್ಲ. ಕುಟ್ಟದವರಿಗೆ ಒಂದು ಮಾತು: ನಾಗರಹೊಳೆ ಕಾಡಿನ ಮೂಲಕ ಹುಣಸೂರಿಗೆ ಹೋಗುವ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಬೆಳಗಿನ ಜಾವ ಹೊರಡುವವರು ಗೋಣಿಕೊಪ್ಪಲಿನ ಮೇಲೆ ಹೋಗಿ. ಸಿದ್ದಾಪುರ, ಕುಶಾಲನಗರದವರಿಗೆ ಮೈಸೂರಿನ ಮಂಡಕಳ್ಳಿ ನಿಲ್ದಾಣ ಹತ್ತಿರವೇನೋ ಹೌದು, ಆದರೆ ಅಲ್ಲಿನ ರನ್‌ವೇ 1,740 ಮೀಟರ್ ಮಾತ್ರ. ಎಟಿಆರ್‌ನಂಥ ಚಿಕ್ಕ ವಿಮಾನಗಳೇ ಬರುವುದರಿಂದ ಆಯ್ಕೆ ಕಡಿಮೆ. ಮೈಸೂರಿನವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ಹಿಡಿದು ನೇರ ದೇವನಹಳ್ಳಿ ನಿಲ್ದಾಣದ ಬಾಗಿಲಿಗೆ ಇಳಿಯುವುದು ವಯಸ್ಸಾದವರಿಗೆ ಅನುಕೂಲ.

ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ವಿಮಾನ ಮೇಲೆದ್ದು ಪಶ್ಚಿಮಕ್ಕೆ ಹೊರಟರೆ ಊರೇ ಎದುರಿಗೆ ಬರಬೇಕಲ್ಲ? ಮತ್ತೆ, ಬೆಂಗಳೂರಿನಿಂದ ಅಮೆರಿಕಕ್ಕೆ ಉತ್ತರ ಧ್ರುವದ ಮೇಲೆ ಯಾಕೆ ಹೋಗುತ್ತಾರೆ?
— ವಿದ್ಯಾರ್ಥಿ, ಕುಶಾಲನಗರ

ಒಳ್ಳೆಯ ಪ್ರಶ್ನೆ. ನಿಲ್ದಾಣದಲ್ಲಿ ನಿಂತಿರುವ ವಿಮಾನವೂ ನೆಲದ ಜೊತೆಗೆ ಪೂರ್ವಕ್ಕೆ ಓಡುತ್ತಲೇ ಇದೆ. ಬೆಂಗಳೂರಿನ ಅಕ್ಷಾಂಶದಲ್ಲಿ ಆ ವೇಗ ಗಂಟೆಗೆ ಸುಮಾರು 1,630 ಕಿ.ಮೀ. ಮೇಲೆದ್ದಾಗ ಆ ವೇಗ ಕಳೆದುಹೋಗುವುದಿಲ್ಲ. ಸುತ್ತಲಿನ ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತಿದೆ. ವಿಮಾನ ಹಾರುವುದು ಆ ಗಾಳಿಯನ್ನು ಆಧರಿಸಿ. ಹಾಗಾಗಿ ಭೂಮಿ ತಿರುಗುವುದರಿಂದ ನೇರವಾಗಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ವ್ಯತ್ಯಾಸ ಮಾಡುವುದು ಮೇಲೆ ಹೇಳಿದ ಎತ್ತರದ ಗಾಳಿ.

ಎರಡನೆಯದಕ್ಕೆ ಶಾಲೆಯ ಗ್ಲೋಬ್ ತೆಗೆದುಕೊಂಡು ಒಂದು ದಾರವನ್ನು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ತಾನಾಗಿ ಉತ್ತರಕ್ಕೆ ಜಾರಿ ಧ್ರುವದ ಹತ್ತಿರ ನಿಲ್ಲುತ್ತದೆ. ಉರುಟು ನೆಲದ ಮೇಲೆ ಅದೇ ಹತ್ತಿರದ ದಾರಿ. ಗೋಡೆಗೆ ಹಾಕಿದ ಚಪ್ಪಟೆ ಭೂಪಟ ಧ್ರುವದ ಭಾಗವನ್ನು ಹಿಗ್ಗಿಸಿ ತೋರಿಸುವುದರಿಂದ ಅದು ಸುತ್ತುದಾರಿಯೆಂದು ಕಾಣುತ್ತದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ ವಿಮಾನ, ಮಹಿಳಾ ಪೈಲಟ್‌ಗಳೇ ನಡೆಸಿ, ಧ್ರುವದ ಮೇಲಿಂದ ಬಂದು ಜನವರಿ 11ರ ನಸುಕಿಗೆ ಬೆಂಗಳೂರಿನಲ್ಲಿ ಇಳಿಯಿತು. ಎರಡೂ ಊರುಗಳ ನೇರ ದೂರ 13,993 ಕಿ.ಮೀ. ಹಾರಾಟ ಹದಿನೇಳು ಗಂಟೆಯ ಆಸುಪಾಸು. ನಡುವಿನ ಒಂದು ತಾರೀಖು ಹೋದದ್ದು ಹದಿಮೂರೂವರೆ ಗಂಟೆಯ ಗಡಿಯಾರದ ವ್ಯತ್ಯಾಸದಿಂದ.

ಮಗ ಸೈನ್ಯದಲ್ಲಿ ಲೇಹ್‌ನಲ್ಲಿದ್ದಾನೆ. ನಾವಿಬ್ಬರೂ ಅರವತ್ತು ದಾಟಿದವರು. ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಬಹುದೇ?
— ಓದುಗರು, ಪೊನ್ನಂಪೇಟೆ

ದೆಹಲಿಯಿಂದ ಲೇಹ್‌ಗೆ 620 ಕಿ.ಮೀ., ಒಂದೂಕಾಲರಿಂದ ಒಂದೂವರೆ ಗಂಟೆ. ಆದರೆ ಲೇಹ್ ವಿಮಾನಗಳು ಹೆಚ್ಚುಕಡಿಮೆ ಎಲ್ಲವೂ ಬೆಳಗಿನ ಹೊತ್ತಿನವು. ನಿಲ್ದಾಣ 10,682 ಅಡಿ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಬಿಸಿಲೇರಿದಂತೆ ಇನ್ನೂ ತೆಳುವಾಗುತ್ತದೆ. ರೆಕ್ಕೆಗೆ ಎತ್ತುವ ಬಲ, ಎಂಜಿನ್ನಿಗೆ ಶಕ್ತಿ ಎರಡೂ ತಗ್ಗುತ್ತವೆ. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿಯೂ ಏಳುತ್ತದೆ. ಆದ್ದರಿಂದ ಹಿಂದಿನ ದಿನ ದೆಹಲಿ ಸೇರಿ ರಾತ್ರಿ ತಂಗಿ, ನಸುಕಿನ ವಿಮಾನ ಹಿಡಿಯಿರಿ. ದೆಹಲಿಯಲ್ಲಿ ಟರ್ಮಿನಲ್‌ಗಳು ಬೇರೆ ಬೇರೆ. ಲೇಹ್ ವಿಮಾನ ಯಾವ ಟರ್ಮಿನಲ್ಲಿನದೆಂದು ನೋಡಿಕೊಂಡೇ ಕೋಣೆ ಹಿಡಿಯಿರಿ.

ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್, ಲೇಹ್ 3,250 ದಾಟುತ್ತದೆ. ಗುಡ್ಡದ ಊರಿನವರು ನಾವು ಎಂಬ ಧೈರ್ಯ ಅಲ್ಲಿ ನಡೆಯದು. ಇಳಿದ ಮೇಲೆ ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ. ಬಿಪಿ, ಹೃದಯ, ಉಸಿರಾಟದ ತೊಂದರೆ ಇದ್ದರೆ ಟಿಕೆಟ್‌ಗೆ ಮೊದಲು ವೈದ್ಯರನ್ನು ಕೇಳಿ. ಹಿಂದಿರುಗುವಾಗ ಮುಂದಿನ ವಿಮಾನವನ್ನು ಅದೇ ದಿನಕ್ಕೆ ಬಿಗಿಯಾಗಿ ಇಟ್ಟುಕೊಳ್ಳಬೇಡಿ. ಹವೆ ಕೆಟ್ಟರೆ ಲೇಹ್‌ನಿಂದ ಇಡೀ ದಿನ ವಿಮಾನ ಏಳುವುದಿಲ್ಲ.

ವಿಮಾನದ ಪರದೆಯಲ್ಲಿ 920 ನಾಟಿಕಲ್ ಮೈಲಿ ಎಂದಿತ್ತು. ಕಿಲೋಮೀಟರಿಗೆ ಹೇಗೆ ತರುವುದು?
— ಓದುಗರು, ಸುಂಟಿಕೊಪ್ಪ

1.852ರಿಂದ ಗುಣಿಸಿ: 1,704 ಕಿ.ಮೀ. ರಸ್ತೆಯ ಮೈಲಿ 1.609 ಕಿ.ಮೀ., ಅದು ಬೇರೆ.

ಲಂಡನ್‌ಗೆ ಕಂಪನಿಯಿಂದ ಕಂಪನಿಗೆ ಸಮಯ ಯಾಕೆ ಬೇರೆ? ದಾರಿ ಒಂದೇ ಅಲ್ಲವೇ?
— ಓದುಗರು, ಅಮ್ಮತ್ತಿ

ದಾರಿ ಒಂದೇ ಅಲ್ಲ. ಬೆಂಗಳೂರು–ಲಂಡನ್ ನೇರ ದೂರ ಸುಮಾರು 8,000 ಕಿ.ಮೀ. ಆದರೂ ಯಾವ ದೇಶದ ಆಕಾಶ ಯಾರಿಗೆ ತೆರೆದಿದೆ ಎಂಬುದು ಮುಖ್ಯ. ಪಾಕಿಸ್ತಾನ 2019ರ ಫೆಬ್ರವರಿ ಕೊನೆಯಿಂದ ಜುಲೈ ಮಧ್ಯದವರೆಗೆ ತನ್ನ ವಾಯುಪ್ರದೇಶದ ಹೆಚ್ಚಿನ ಭಾಗ ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನಗಳಿಗೆ ಮತ್ತೆ ಮುಚ್ಚಿತು. ಇದರ ಪೆಟ್ಟು ದೆಹಲಿಯಿಂದ ಹೊರಡುವ ವಿಮಾನಗಳಿಗೆ ಹೆಚ್ಚು, ಬೆಂಗಳೂರಿನವು ಅರಬ್ಬೀ ಸಮುದ್ರದ ಮೇಲಿಂದ ಸುತ್ತಿ ಹೋಗಬಲ್ಲವಾದ್ದರಿಂದ ಕಡಿಮೆ.

ಕಣ್ಣೂರಿನಿಂದ ಬೆಂಗಳೂರು, ಅಲ್ಲಿಂದ ಸಿಂಗಪುರ. ಬೇರೆ ಬೇರೆ ಟಿಕೆಟ್ ಮಾಡಿದರೆ ಎರಡು ಸಾವಿರ ಉಳಿಯುತ್ತದೆ. ನಡುವೆ ಎರಡು ಗಂಟೆ ಇದೆ, ಸಾಕೇ?
— ಓದುಗರು, ವಿರಾಜಪೇಟೆ

ಸಾಲದು. ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ಇದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಲಗೇಜ್ ಕೂಡ ಸಾಮಾನ್ಯವಾಗಿ ಕೊನೆಯ ಊರಿಗೇ ಹೋಗುತ್ತದೆ. ಬೇರೆ ಬೇರೆ ಪಿಎನ್‌ಆರ್ ಆದರೆ ಎರಡನೇ ಕಂಪನಿಗೆ ನೀವು ಬರದೇ ಹೋದ ಪ್ರಯಾಣಿಕ, ಅಷ್ಟೇ. ಟಿಕೆಟ್ ಹಣವೂ ಹೋಗುತ್ತದೆ. ಬೆಂಗಳೂರಿನಲ್ಲಿ ಇಳಿದು ಲಗೇಜ್‌ಗೆ ಅರ್ಧ ಗಂಟೆ, ಟರ್ಮಿನಲ್ ಬದಲಿಸಲು ಮತ್ತೆ ಅಷ್ಟು ಕಳೆದರೆ, ಹೊರಡುವುದಕ್ಕೆ ಒಂದು ಗಂಟೆ ಮುಂಚೆ ಮುಚ್ಚುವ ಅಂತರರಾಷ್ಟ್ರೀಯ ಚೆಕ್‌ಇನ್ ಕೌಂಟರ್ ಮುಂದೆ ನೀವು ಓಡುತ್ತಾ ಬರುತ್ತೀರಿ. ಬೇರೆ ಟಿಕೆಟೇ ಮಾಡುವುದಾದರೆ ನಡುವೆ ಐದು ಗಂಟೆ ಇರಲಿ. ಡಿಸೆಂಬರ್–ಜನವರಿಯಲ್ಲಿ ದೇವನಹಳ್ಳಿಯ ಬೆಳಗಿನ ಮಂಜಿಗೆ ವಿಮಾನಗಳು ತಡವಾಗುವುದರಿಂದ ಬೆಳಿಗ್ಗೆ 9ಕ್ಕೆ ಮೊದಲು ಇಳಿಯುವ ವಿಮಾನ ಹಿಡಿದಿದ್ದರೆ ಇನ್ನೂ ಎರಡು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.